ಬಾಲವಿಲ್ಲದ ಇಟ್ಟಿಗೆ

ಸ್ವಿಚ್ ಬಾಕ್ಸ್ ಕೂರಿಸಲು ಎಲೆಕ್ಟ್ರಿಷಿಯನ್ ಹುಡುಗ ಗೋಡೆಗೆ ಉಳಿ ಇಟ್ಟು ನಾಲ್ಕು ಪೆಟ್ಟು ಹಾಕಿದ್ದನಷ್ಟೆ. ಐದನೆಯ ಪೆಟ್ಟಿಗೆ ಒಂದು ಇಟ್ಟಿಗೆಯ ತಲೆ ಒಳಕ್ಕೆ ಸರಿಯಿತು. ಮರುಕ್ಷಣ ಗೋಡೆಯ ಹೊಟ್ಟೆಯೊಳಗೆ ಏನೋ ತಾಗುತ್ತ ಉರುಳುತ್ತ ಕೆಳಗೆ ಬಿದ್ದ ಸದ್ದು ಕೇಳಿತು. ಅವನು ಆ ತೂತಿನೊಳಗೆ ಬೆರಳು ಹಾಕಿ ತಡಕಿದ. "ಸಾರ್, ಈ ಇಟ್ಟಿಗೆಗೆ ಬಾಲವೇ ಇರಲಿಲ್ಲ" ಎಂದ.

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ನನ್ನ ದೊಡ್ಡಮ್ಮನ ಮನೆ. ತಾರಸಿ ಹತ್ತಿದರೆ ಸಂತ ಫಿಲೋಮಿನಾ ಚರ್ಚಿನ ಎರಡೂ ಗೋಪುರಗಳು ಕಾಣುತ್ತವೆ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚು ಅದು. ಗೋಪುರಗಳ ಎತ್ತರ 175 ಅಡಿ. ಹುಡುಗರಾಗಿದ್ದಾಗ ನಾವು ಆ ಗೋಪುರಗಳನ್ನೇ ಗಾಳಿಪಟಕ್ಕೆ ಗುರಿ ಮಾಡಿಕೊಳ್ಳುತ್ತಿದ್ದೆವು. ಅದೇ ತಾರಸಿಯ ಮೇಲೆ ದೊಡ್ಡಮ್ಮನಿಗೆ ಒಂದು ರೂಮು ಕಟ್ಟಿಸಬೇಕಾಗಿತ್ತು. ಅವರು ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟು ಮೇಲೆ ಇರುವುದು, ಬಾಡಿಗೆ ಹಣದಲ್ಲಿ ಔಷಧಿ ಮತ್ತು ದಿನಸಿಯ ಖರ್ಚು ನೋಡಿಕೊಳ್ಳುವುದು ಎಂದು ಮಾತಾಗಿತ್ತು. ರೂಮಿನ ಪಡುವಣ ಗೋಡೆಗೆ ಮಧ್ಯಾಹ್ನ ಎರಡರಿಂದ ಸಂಜೆಯವರೆಗೂ ನೇರ ಬಿಸಿಲು. ಏಪ್ರಿಲ್‌ನಲ್ಲಿ ಎಪ್ಪತ್ತು ದಾಟಿದ ಹೆಂಗಸು ಅಲ್ಲಿ ಮಲಗುವುದು ಹೇಗೆ ಎಂಬ ಚಿಂತೆ ನನ್ನದಾಗಿತ್ತು, ಉಪಾಯವೂ ನನ್ನದೇ ಆಯಿತು. ಗೋಡೆಯನ್ನು ಪೊಳ್ಳಾಗಿ ಕಟ್ಟಿಸೋಣ ಎಂದೆ.

ಈ ಬಗೆಯ ಗೋಡೆಯನ್ನು ಮೇಸ್ತ್ರಿಗಳು, ಎಂಜಿನಿಯರುಗಳು ಎಲ್ಲರೂ ರ‍್ಯಾಟ್ ಟ್ರ್ಯಾಪ್ ಬಾಂಡ್ ಎಂದೇ ಕರೆಯುತ್ತಾರೆ. ಒಂದು ವರಸೆ ಕಟ್ಟಿ ಮೇಲಿನಿಂದ ನೋಡಿದರೆ ಸಾಲಾಗಿ ಇಲಿಬೋನು ಇಟ್ಟ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು. ಮಾಮೂಲಿ ಗೋಡೆಯಲ್ಲಿ ಇಟ್ಟಿಗೆಯನ್ನು ಮಲಗಿಸಿ ಇಡುತ್ತಾರೆ, ಇಲ್ಲಿ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಹೊರಮೈಗೆ ಒಂದು, ಒಳಮೈಗೆ ಒಂದು, ನಡುವೆ ಸುಮಾರು ಮೂರು ಇಂಚು ಗಾಳಿ. ಪ್ರತಿ ಜೋಡಿ ಆದ ಮೇಲೆ ಒಂದು ಇಟ್ಟಿಗೆಯನ್ನು ಅಡ್ಡಲಾಗಿ, ಹೊರಮೈಯಿಂದ ಒಳಮೈವರೆಗೂ ಮುಟ್ಟುವಂತೆ ಇಡುತ್ತಾರೆ. ಎರಡು ತೆಳು ಪದರಗಳನ್ನು ಹಿಡಿದು ಒಂದು ಗೋಡೆಯನ್ನಾಗಿ ಮಾಡುವುದು ಆ ಅಡ್ಡ ಇಟ್ಟಿಗೆ. ಕೇರಳದಲ್ಲಿ ನೆಲೆಸಿ ಇಂಥ ಗೋಡೆಗಳನ್ನು ನಮ್ಮ ದೇಶದ ಬಡವರ ಮನೆಗಳಿಗೆ ತಂದ ಲಾರಿ ಬೇಕರ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, 1917ರಲ್ಲಿ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರ, ಅಲ್ಲಿ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ದುಡಿದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಕಡಿಮೆ ಖರ್ಚಿನ ಗೋಡೆ ಎಂಬುದನ್ನು ಗಂಭೀರ ವಿಜ್ಞಾನವನ್ನಾಗಿ ಮಾಡಿದರು. ಅವರನ್ನೆಲ್ಲ ಓದಿದ್ದ ಹುಮ್ಮಸ್ಸು ನನಗೆ.

ಲೆಕ್ಕವನ್ನೂ ಹಾಕಿದ್ದೆ. 230, 110, 75 ಮಿಲಿಮೀಟರಿನ ಇಟ್ಟಿಗೆ, ಸಂದಿಗೆ 10 ಮಿಲಿಮೀಟರ್ ಗಾರೆ ಎಂದು ಹಿಡಿದರೆ, ಒಂಬತ್ತು ಇಂಚಿನ ತುಂಬು ಗೋಡೆಯ ಒಂದು ಚದರ ಮೀಟರಿಗೆ 98 ಇಟ್ಟಿಗೆ ಬೇಕು. ಪೊಳ್ಳು ಗೋಡೆಗೆ 77 ಸಾಕು. ಐದರಲ್ಲಿ ಒಂದು ಪಾಲಿಗಿಂತ ಕೊಂಚ ಹೆಚ್ಚೇ ಉಳಿತಾಯ. ಮೂಲೆ, ಬಾಗಿಲ ಪಕ್ಕ, ಕಿಟಕಿಯ ಕೆಳಗೆ, ಲಿಂಟಲ್ ಮಟ್ಟದಲ್ಲಿ ತುಂಬಿ ಕಟ್ಟಬೇಕಾದ್ದನ್ನು ಕಳೆದರೂ ದೊಡ್ಡಮ್ಮನ ರೂಮಿಗೆ ಏಳೆಂಟು ನೂರು ಇಟ್ಟಿಗೆ ಕಡಿಮೆ ಸಾಕಾಗುತ್ತಿತ್ತು.

ತಂಪಿನ ಲೆಕ್ಕ ಅಷ್ಟು ಸರಳವಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಪ್ರಕರಣದ ಗಂಟು ಇರುವುದು ಅಲ್ಲೇ. ಅಲುಗಾಡದ ಗಾಳಿ ಶಾಖವನ್ನು ಇಟ್ಟಿಗೆಗಿಂತ ಸುಮಾರು ಮೂವತ್ತು ಪಟ್ಟು ನಿಧಾನವಾಗಿ ಸಾಗಿಸುತ್ತದೆ. ಹಾಗಾದರೆ ಮೂರು ಇಂಚಿನ ಗಾಳಿ ಗೋಡೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯನ್ನಾಗಿ ಮಾಡಬೇಕಲ್ಲ? ಮಾಡುವುದಿಲ್ಲ. ಪೊಳ್ಳಿನೊಳಗಿನ ಗಾಳಿ ಸುಮ್ಮನಿರುವುದಿಲ್ಲ. ಬಿಸಿ ಪದರದ ಪಕ್ಕ ಮೇಲೇರಿ ತಣ್ಣನೆಯ ಪದರದ ಪಕ್ಕ ಇಳಿಯುತ್ತ ಸುತ್ತುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಿಸಿಲು ಕುಡಿದ ಹೊರ ಇಟ್ಟಿಗೆಯ ಬೆನ್ನು ಒಳ ಇಟ್ಟಿಗೆಯ ಬೆನ್ನಿಗೆ ಕಣ್ಣಿಗೆ ಕಾಣದ ಕಿರಣಗಳಲ್ಲಿ ಶಾಖವನ್ನು ದಾಟಿಸುತ್ತದೆ. ಇಟ್ಟಿಗೆ ಗೋಡೆಯ ಪೊಳ್ಳಿನಲ್ಲಿ ಶಾಖದ ದೊಡ್ಡ ಪಾಲು ದಾಟುವುದು ಹೀಗೆ, ವಿಕಿರಣದಿಂದ. ಆದ್ದರಿಂದಲೇ ಪೊಳ್ಳನ್ನು ಒಂದು ಇಂಚಿಗಿಂತ ಎಷ್ಟು ಅಗಲ ಮಾಡಿದರೂ ಹೆಚ್ಚಿನ ಲಾಭವಿಲ್ಲ. ನನ್ನ ಲೆಕ್ಕದಲ್ಲಿ ಪೊಳ್ಳು ಇರುವ ಜಾಗದಲ್ಲಿ ಒಳಬರುವ ಶಾಖ ತುಂಬು ಗೋಡೆಗಿಂತ ಶೇಕಡಾ 15ರಷ್ಟು ಕಡಿಮೆ. ಅಡ್ಡ ಇಟ್ಟಿಗೆ ಇರುವ ಜಾಗದಲ್ಲಿ ಶಾಖ ಸೇತುವೆ ದಾಟಿದ ಹಾಗೆ ನೇರ ಬರುತ್ತದೆ, ಅದನ್ನೂ ಸೇರಿಸಿದರೆ ಲಾಭ ಇನ್ನೂ ಇಳಿಯುತ್ತದೆ.

ಟೊಳ್ಳಿನ ಒಳಗೋಡೆಗಳು ಸೂಸುವ ಈ ಶಾಖದ ಬೆನ್ನು ಹತ್ತಿಯೇ ಭೌತವಿಜ್ಞಾನ ಒಮ್ಮೆ ತಲೆಕೆಳಗಾಯಿತು. ಮುಚ್ಚಿದ ಟೊಳ್ಳಿನೊಳಗಿನ ವಿಕಿರಣ ಗೋಡೆ ಯಾವುದರಿಂದ ಮಾಡಿದ್ದು ಎಂಬುದನ್ನು ಅವಲಂಬಿಸಿಲ್ಲ, ಅದರ ಉಷ್ಣತೆಯನ್ನು ಮಾತ್ರ ಅವಲಂಬಿಸಿದೆ ಎಂದು ಜರ್ಮನಿಯ ಕಿರ್ಚಾಫ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ತೋರಿಸಿದ್ದರು. ಆ ವಿಕಿರಣದ ಸೂತ್ರ ಹುಡುಕುತ್ತ ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಕ್ವಾಂಟಮ್ಮಿನ ಬಾಗಿಲಿಗೆ ಬಂದು ನಿಂತರು. ನನಗೆ ಇದು ಎಂದಿಗೂ ಬೆರಗಿನ ಸಂಗತಿ. ಪ್ರಯೋಗಶಾಲೆಯ ಟೊಳ್ಳಿನಲ್ಲಿ ಗೋಡೆಯನ್ನು ಮರೆಯಬಹುದು, ಮರೆತದ್ದರಿಂದಲೇ ಅಷ್ಟು ದೊಡ್ಡ ಸತ್ಯ ಸಿಕ್ಕಿತು. ದೊಡ್ಡಮ್ಮ ಮಲಗುವ ರೂಮಿನಲ್ಲಿ ಗೋಡೆಯನ್ನು ಮರೆಯುವ ಹಾಗಿಲ್ಲ.

ಮೇಸ್ತ್ರಿ ಮಂಡಿ ಮೊಹಲ್ಲಾದವರು, ಮೂವತ್ತು ವರ್ಷ ಕರಣೆ ಹಿಡಿದವರು. ಇಂಥ ಗೋಡೆ ಅವರು ಕಟ್ಟಿರಲಿಲ್ಲ. ನಾನು ಮೊಬೈಲಿನಲ್ಲಿ ಒಂದು ಮನೆಯ ಫೋಟೋ ತೋರಿಸಿದೆ, ಕಾಗದದ ಮೇಲೆ ಗೋಡೆಯ ಮುಂಭಾಗದ ಚಿತ್ರ ಬರೆದುಕೊಟ್ಟೆ. ಒಂದು ಉದ್ದನೆಯ ಇಟ್ಟಿಗೆ, ಒಂದು ತಲೆ, ಮತ್ತೆ ಉದ್ದನೆಯದು, ಮತ್ತೆ ತಲೆ. ಮೊದಲ ಮೂರು ವರಸೆ ನನ್ನೆದುರಿಗೇ ಆಯಿತು. ತೂಕದ ಗುಂಡು ಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ವಾಲಿರಲಿಲ್ಲ. ಆಮೇಲೆ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋದವನು ಹನ್ನೊಂದು ದಿನ ಬರಲಿಲ್ಲ. ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ಏನು ಕೇಳುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ: "ಇವತ್ತು ಎಷ್ಟು ಇಟ್ಟಿಗೆ ಹಿಡೀತು ಮೇಸ್ತ್ರಿ? ಒಡಕು ಎಷ್ಟು ಬಿಸಾಕಿದ್ರಿ?" ಲೋಡಿನಲ್ಲಿ ಅರ್ಧ ಮುರಿದ ಇಟ್ಟಿಗೆ ಬಹಳ ಬಂದಿತ್ತು. "ಒಂದೂ ಬಿಸಾಕಿಲ್ಲ ಸಾರ್, ಎಲ್ಲಾ ಬಳಸ್ದೆ" ಎಂದು ಅವರು ಹೇಳಿದ ದಿನ ನಾನು ಅವರನ್ನು ಹೊಗಳಿದೆ.

ಆ ಒಡಕುಗಳು ಎಲ್ಲಿ ಹೋದವು ಎಂದು ತೋರಿಸಿದ್ದು ಎಲೆಕ್ಟ್ರಿಷಿಯನ್ನಿನ ಉಳಿ. ಅಡ್ಡ ಇಟ್ಟಿಗೆ ಇರಬೇಕಾದ ಕಡೆ ಹೊರಗಿನಿಂದ ಒಂದು ಅರ್ಧ ಇಟ್ಟಿಗೆ, ಒಳಗಿನಿಂದ ಒಂದು ತುಂಡು. ಎರಡೂ ಕಡೆ ತಲೆ ಅಚ್ಚುಕಟ್ಟಾಗಿ ಕಾಣುತ್ತದೆ. ನಡುವೆ ಒಂದನ್ನೊಂದು ಮುಟ್ಟುವುದಿಲ್ಲ. ಪಡುವಣ ಗೋಡೆಯಲ್ಲಿ ಬೇರೆಬೇರೆ ಎತ್ತರದಲ್ಲಿ ಐದು ತಲೆ ಬಿಚ್ಚಿಸಿ ಟಾರ್ಚ್ ಬಿಟ್ಟು ನೋಡಿದೆ. ಮೂರಕ್ಕೆ ಬಾಲವಿರಲಿಲ್ಲ. ಮೂಲೆಗಳಲ್ಲಿ, ಬಾಗಿಲ ಪಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ತಾರಸಿಯ ಮೋಲ್ಡಿಂಗಿಗೆ ಗುರುವಾರ ಗೊತ್ತಾಗಿತ್ತು. ಸೆಂಟ್ರಿಂಗ್ ಶೀಟುಗಳು ಬಂದು ಗಲ್ಲಿಯಲ್ಲಿ ಒರಗಿ ನಿಂತಿದ್ದವು, ಅವುಗಳ ಬಾಡಿಗೆ ದಿನದ ಲೆಕ್ಕದಲ್ಲಿ ಓಡುತ್ತಿತ್ತು.

ಇದರಿಂದ ಆಗುವುದೇನು ಎಂಬುದಕ್ಕೆ ಒಂದು ಒರಟು ಭಾಗಾಕಾರ ಸಾಕು. ಹತ್ತು ಅಡಿ ಎತ್ತರದ ಗೋಡೆ, ಒಂಬತ್ತು ಇಂಚು ದಪ್ಪ. ಎತ್ತರವನ್ನು ದಪ್ಪದಿಂದ ಭಾಗಿಸಿದರೆ 13 ಚಿಲ್ಲರೆ. ಅಡ್ಡ ಇಟ್ಟಿಗೆ ಇಲ್ಲವೆಂದರೆ ನಿಂತಿರುವುದು ಒಂಬತ್ತು ಇಂಚಿನ ಗೋಡೆಯಲ್ಲ, ಮೂರು ಇಂಚಿನ ಎರಡು ಹಾಳೆಗಳು. ಆಗ ಅದೇ ಸಂಖ್ಯೆ 40. ಭಾರ ಹೊರುವ ಇಟ್ಟಿಗೆ ಗೋಡೆಗೆ ಭಾರತೀಯ ಮಾನಕ ಐಎಸ್ 1905 ಹಾಕಿರುವ ಮೇರೆ 27. ಎತ್ತರವನ್ನು ಎಣಿಸುವ ರೀತಿಯಲ್ಲಿ ಅದು ಕೊಡುವ ರಿಯಾಯಿತಿ ಹಿಡಿದರೂ ನಮ್ಮ ಗೋಡೆ ಆ ಮೇರೆಯೊಳಗೆ ಬರುತ್ತಿರಲಿಲ್ಲ. ಅದರ ಮೇಲೆ ಕಾಂಕ್ರೀಟಿನ ತಾರಸಿ, ಅದರ ಕೆಳಗೆ ದೊಡ್ಡಮ್ಮನ ಮಂಚ.

ಸುದ್ದಿ ಗಲ್ಲಿಗೆಲ್ಲ ಹಬ್ಬಿ ಸಲಹೆಗಳು ಬಂದವು. ಗಿಲಾವು ಮಾಡಿದರೆ ಎಲ್ಲ ಹಿಡಿದುಕೊಳ್ಳುತ್ತದೆ ಎಂದರು ಒಬ್ಬರು. ಪೊಳ್ಳಿನೊಳಗೆ ತೆಳ್ಳನೆಯ ಕಾಂಕ್ರೀಟ್ ಸುರಿದುಬಿಡಿ ಎಂದರು ಇನ್ನೊಬ್ಬರು. ಅದು ತೀರ ತಪ್ಪು ಸಲಹೆಯಲ್ಲ, ಆದರೆ ಒಣಗಿದ ಗಾರೆಯ ಉಂಡೆಗಳು ಒಳಗೆ ಎಲ್ಲೆಲ್ಲಿ ಅಡ್ಡ ಬಿದ್ದಿವೆಯೋ ಅಲ್ಲೆಲ್ಲ ಕಾಂಕ್ರೀಟು ಇಳಿಯದೆ ನಿಲ್ಲುತ್ತದೆ, ಮತ್ತೆ ಕಾಣದ ಪೊಳ್ಳು. ಮೂರನೆಯವರು ನನ್ನನ್ನು ಪಕ್ಕಕ್ಕೆ ಕರೆದು, ಅಲುಗಾಡಿಸದಿದ್ದರೆ ಏನೂ ಆಗುವುದಿಲ್ಲ, ಸುಮ್ಮನೆ ಯಾಕೆ ಖರ್ಚು, ಮುದುಕಿಗೆ ಹೇಳಬೇಡಿ ಎಂದರು. ಆ ರಾತ್ರಿ ನಾನು ಆ ಮೂರನೆಯ ಮಾತನ್ನು ಹಲವು ಸಲ ತಿರುಗಿಸಿ ನೋಡಿದೆ. ಗೋಡೆ ಬೀಳದೇ ಇರುವ ಸಾಧ್ಯತೆ ನಿಜಕ್ಕೂ ಇತ್ತು. ವರ್ಷಗಟ್ಟಲೆ ನಿಂತಿರಬಹುದಿತ್ತು.

ಬೆಳಿಗ್ಗೆ ಮೇಸ್ತ್ರಿಯನ್ನು ಕರೆಸಿದೆ. ಕೋಪದಿಂದಲೇ ಮಾತು ಶುರುಮಾಡಿದೆ, ಮೋಸ ಎಂಬ ಶಬ್ದವನ್ನೂ ಬಳಸಿದೆ. ಅವರು ನಾನು ಬರೆದುಕೊಟ್ಟಿದ್ದ ಕಾಗದವನ್ನು ಜೇಬಿನಿಂದ ತೆಗೆದು ಬಿಡಿಸಿದರು. ಸಿಮೆಂಟಿನ ಕೈಯಲ್ಲಿ ಮಡಿಸಿ ಮಡಿಸಿ ಮಡಿಕೆಗಳಲ್ಲಿ ಹರಿದಿತ್ತು. "ಅಡ್ಡ ಇಟ್ಟಿಗೆ ಮುಖ ಕಾಣ್ಬೇಕು ಅಂತ ಬರ್ದುಕೊಟ್ರಿ ಸಾರ್, ಕಾಣಿಸ್ದೆ. ಮೂಲೇಲಿ ಭಾರ ಬರ್ತದೆ ಅಂತ ನಂಗೊತ್ತು, ಅಲ್ಲಿ ಇಡೀದೇ ಹಾಕಿದೀನಿ. ನಡುವೆ ಅಂದಕ್ಕೆ ಅಂದ್ಕೊಂಡೆ. ದಿನಾ ಒಡಕೆಷ್ಟು ಒಡಕೆಷ್ಟು ಅಂತಿದ್ರಿ."

ದೊಡ್ಡಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಏನೂ ಹೇಳದೆ ಒಳಗೆ ಹೋಗಿ ಅವರಿಗೆ ಕಾಫಿ ತಂದರು.

ಆ ಕಾಗದವನ್ನು ನೋಡಿದಾಗ ನನ್ನ ಕೋಪ ಇಳಿಯಿತು, ಅದರ ಜಾಗದಲ್ಲಿ ಬಂದದ್ದು ಕೋಪಕ್ಕಿಂತ ಕಷ್ಟದ್ದು. ನಾನು ಬರೆದುಕೊಟ್ಟದ್ದು ಗೋಡೆಯ ಮುಖ ಮಾತ್ರ. ಅಡ್ಡ ಇಟ್ಟಿಗೆ ಯಾಕೆ ಬೇಕು, ಅದು ಏನನ್ನು ಹಿಡಿದುಕೊಂಡಿದೆ ಎಂದು ಒಂದು ಮಾತೂ ಹೇಳಿರಲಿಲ್ಲ. ಇನ್ನೂ ಒಂದು ಸಂಗತಿ ನಿಧಾನವಾಗಿ ಹೊಳೆಯಿತು. ರೂಮು ಮುಗಿದ ಮೇಲೆ ನಾನು ಅಳೆದು ನೋಡಬೇಕೆಂದುಕೊಂಡಿದ್ದದ್ದು ಎರಡು: ಉಳಿದ ಇಟ್ಟಿಗೆ ಮತ್ತು ಇಳಿದ ಉಷ್ಣತೆ. ಬಾಲವಿಲ್ಲದ ಇಟ್ಟಿಗೆಯ ಗೋಡೆ ಈ ಎರಡು ಪರೀಕ್ಷೆಯಲ್ಲೂ ಸರಿಯಾದ ಗೋಡೆಗಿಂತ ಹೆಚ್ಚು ಅಂಕ ಪಡೆಯುತ್ತಿತ್ತು. ಒಡಕು ವ್ಯರ್ಥವಾಗಲಿಲ್ಲ, ಆದ್ದರಿಂದ ಇಟ್ಟಿಗೆ ಉಳಿಯಿತು. ಶಾಖ ದಾಟುವ ಸೇತುವೆಗಳು ಕಡಿದುಹೋದವು, ಆದ್ದರಿಂದ ರೂಮು ಇನ್ನೂ ಸ್ವಲ್ಪ ತಂಪಾಗಿರುತ್ತಿತ್ತು. ಥರ್ಮಾಮೀಟರ್ ತೂಗುಹಾಕಿ ನಾನು ಸಂತೋಷಪಡುತ್ತಿದ್ದೆ, ನಾಲ್ಕು ಜನಕ್ಕೆ ಹೇಳುತ್ತಿದ್ದೆ. ಗೋಡೆಯ ದೋಷವೇ ನನ್ನ ಅಳತೆಯಲ್ಲಿ ಗುಣವಾಗಿ ಕಾಣುತ್ತಿತ್ತು.

ಈ ಥರದ ದೋಷ ನನ್ನ ಗಲ್ಲಿಯೊಂದರದ್ದೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಪೊಳ್ಳು ಗೋಡೆಯ ನಾಡೇ ಆದ ಬ್ರಿಟನ್ನಿನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯಲ್ಲಿ 2016ರ ಜನವರಿ 29ರ ಮುಂಜಾನೆ ಬಿರುಗಾಳಿಗೆ ಹೊರಗೋಡೆಯ ಒಂದು ದೊಡ್ಡ ಭಾಗ ಕಳಚಿ ಬಿತ್ತು. ಸುಮಾರು ಒಂಬತ್ತು ಟನ್ ಇಟ್ಟಿಗೆ. ಮಕ್ಕಳು ಇನ್ನೂ ಶಾಲೆಗೆ ಬಂದಿರಲಿಲ್ಲ. ಕಟ್ಟಡಕ್ಕೆ ಆಗ ಹನ್ನೊಂದೇ ವರ್ಷ. ಅಲ್ಲಿಯ ಗೋಡೆಗಳಲ್ಲಿ ಅಡ್ಡ ಇಟ್ಟಿಗೆಯ ಕೆಲಸವನ್ನು ಲೋಹದ ಕಟ್ಟುಕಂಬಿಗಳು ಮಾಡುತ್ತವೆ: ಒಂದು ತುದಿ ಒಳಪದರದ ಗಾರೆಯಲ್ಲಿ, ಇನ್ನೊಂದು ತುದಿ ಹೊರಪದರದ ಗಾರೆಯಲ್ಲಿ, ಸಾಕಷ್ಟು ಆಳಕ್ಕೆ ಹೂತಿರಬೇಕು. ಬಿದ್ದ ಗೋಡೆಯಲ್ಲಿ ಕಂಬಿಗಳು ಇದ್ದವು. ಹೊರಪದರವನ್ನು ಸರಿಯಾಗಿ ಹಿಡಿದಿರಲಿಲ್ಲ. ಕೆಲವು ಕಡೆ ನಡುವಿನ ಪೊಳ್ಳು ಇರಬೇಕಾದ್ದಕ್ಕಿಂತ ಅಗಲವಾಗಿತ್ತು, ಕಂಬಿಯ ತುದಿ ಗಾರೆಯ ಅಂಚನ್ನು ಮುಟ್ಟಿ ನಿಂತಿತ್ತು. ಅದೇ ಯೋಜನೆಯಲ್ಲಿ ಕಟ್ಟಿದ ಉಳಿದ ಶಾಲೆಗಳನ್ನು ಬಿಚ್ಚಿ ನೋಡಿದಾಗ ಅಲ್ಲೂ ದೋಷ. ಏಪ್ರಿಲ್‌ನಲ್ಲಿ 17 ಶಾಲೆಗಳನ್ನು ಮುಚ್ಚಿದರು. ಏಳೂವರೆ ಸಾವಿರಕ್ಕೂ ಹೆಚ್ಚು ಮಕ್ಕಳು ಬೇರೆ ಬೇರೆ ಕಟ್ಟಡಗಳಿಗೆ ಓಡಾಡಿ ಓದಿದರು.

ತನಿಖೆ ಮಾಡಿದ ವಾಸ್ತುಶಿಲ್ಪಿ ಜಾನ್ ಕೋಲ್ ತಮ್ಮ ವರದಿಯನ್ನು 2017ರ ಫೆಬ್ರುವರಿಯಲ್ಲಿ ಕೊಟ್ಟರು. ಯಾರಿಗೂ ಗಾಯವಾಗದೇ ಇದ್ದದ್ದು ಬರಿಯ ವೇಳೆಯ ದೆಸೆಯಿಂದ, ಅದೃಷ್ಟದಿಂದ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಗಾರೆಯವರ ಕೈಕೆಲಸದ ದೋಷವನ್ನು ಹೇಳಿ ಅವರು ಅಲ್ಲಿಗೇ ನಿಲ್ಲಲೂ ಇಲ್ಲ. ಗುತ್ತಿಗೆದಾರರ ಮೇಲ್ವಿಚಾರಣೆ ಎಲ್ಲಿ ಹೋಗಿತ್ತು? ಕಟ್ಟಿಸಿಕೊಂಡವರ ಪರವಾಗಿ ದಿನಾ ಸಾರುವೆ ಹತ್ತಿ ನೋಡುವ ಸ್ವತಂತ್ರ ತಪಾಸಣೆಗಾರ ಯಾಕಿರಲಿಲ್ಲ? ಇಟ್ಟಿಗೆಯ ಎಣಿಕೆಗೆ ಕೂಲಿ ಕೊಡುವ ಪದ್ಧತಿಯಲ್ಲಿ ಕಾಣದ ಕಂಬಿಯನ್ನು ಸರಿಯಾಗಿ ಹೂಳಲು ಗಾರೆಯವನು ಯಾಕೆ ನಿಲ್ಲಬೇಕು? ಆ ವರದಿಯ ತಿರುಳು ಈ ಪ್ರಶ್ನೆಗಳಲ್ಲಿದೆ. ಓದುತ್ತ ಹೋದಂತೆ ನನ್ನ ಸಂಜೆಯ ಫೋನ್ ಕರೆಗಳೇ ಅಲ್ಲಿ ಅಚ್ಚಾದ ಹಾಗೆ ಅನ್ನಿಸಿತು.

ಕೂಲಿಯವರು ಕಣ್ಣು ತಪ್ಪಿಸಿದರೆ ಹೀಗೇ ಮಾಡುತ್ತಾರೆ ಎಂಬ ಮಾತನ್ನು ನಮ್ಮಲ್ಲಿ ಎಷ್ಟು ಸಲೀಸಾಗಿ ಆಡುತ್ತೇವೆ. ನಾನೂ ಆಡಿದ್ದೇನೆ. ಈಗ ಅದು ನನಗೆ ಸುಳ್ಳೆಂದು ಕಾಣುತ್ತದೆ. ಮೇಸ್ತ್ರಿ ತಮಗೆ ಗೊತ್ತಿದ್ದ ಕಡೆ, ಯಾರೂ ಕೇಳದೆ, ಯಾರೂ ನೋಡದೆ, ಇಡೀ ಇಟ್ಟಿಗೆ ಹಾಕಿದ್ದರು. ಮೂವತ್ತು ವರ್ಷದ ಅನುಭವ ಮೂಲೆಯ ಭಾರವನ್ನು ಕಲಿಸಿತ್ತು. ಪೊಳ್ಳು ಗೋಡೆಯ ನಡುಭಾಗ ಏನು ಕೇಳುತ್ತದೆ ಎಂಬುದನ್ನು ಕಲಿಸಿರಲಿಲ್ಲ, ಯಾಕೆಂದರೆ ಅದು ಪುಸ್ತಕದಲ್ಲಿತ್ತು, ಪುಸ್ತಕ ನನ್ನ ಹತ್ತಿರ ಇತ್ತು. ಹಾಗೆಂದು ಅವರ ಮೇಲೆ ಏನೂ ಇಲ್ಲವೆಂದೂ ಹೇಳಲಾರೆ. ಅರ್ಧ ಇಟ್ಟಿಗೆ ಇಡುವಾಗ ಅವರ ಕೈ ಒಂದು ಸಲವಾದರೂ ತಡೆದಿರಬೇಕು. ಆ ತಡೆದ ಕ್ಷಣದಲ್ಲಿ ಒಂದು ಫೋನ್ ಮಾಡಬಹುದಿತ್ತು. ಮಾಡಿದ್ದರೆ ನಾನು ಏನು ಹೇಳುತ್ತಿದ್ದೆ? ಒಡಕು ಬಿಸಾಕಬೇಡಿ, ಹೇಗೋ ಹೊಂದಿಸಿ ಎನ್ನುತ್ತಿರಲಿಲ್ಲ ಎಂದು ಎದೆ ಮುಟ್ಟಿ ಹೇಳುವ ಧೈರ್ಯ ನನಗಿಲ್ಲ.

'ಅಸ್ತ್ರ'ದವರ ಒಲೆಯ ನೆನಪಾಗುತ್ತದೆ. ಹಳ್ಳಿಯ ಹೆಂಗಸರ ಕಣ್ಣು ಶ್ವಾಸಕೋಶಗಳನ್ನು ಹೊಗೆಯಿಂದ ಉಳಿಸಿದ, ಸೌದೆಯನ್ನೂ ಉಳಿಸಿದ ಆ ಒಲೆಯ ಹೊರಮೈ ನೋಡಿದರೆ ಏನೂ ತಿಳಿಯುವುದಿಲ್ಲ. ಎಲ್ಲವೂ ಒಳಗಿನ ಹೊಗೆದಾರಿಯ ಅಳತೆಯಲ್ಲಿದೆ. ಅಳತೆ ತಪ್ಪಿತೋ, ಅದೇ ಒಲೆ ಹೊಗೆಯನ್ನು ಅಡುಗೆಮನೆಗೇ ತಿರುಗಿಸುತ್ತದೆ. ಆದ್ದರಿಂದ ಸಂಸ್ಥೆಯವರು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಕೇಂದ್ರ ಮಾಡಿ ಹಳ್ಳಿಯವರ ನಡುವೆ ಕೆಲಸ ಮಾಡಿದರು, ಒಲೆ ಹಾಕುವವರಿಗೆ ಕೈಹಿಡಿದು ಕಲಿಸುವುದನ್ನೂ ಸಂಶೋಧನೆಯ ಭಾಗವೆಂದೇ ತಿಳಿದರು. ನಾನು ಅವರ ಫಲಿತಾಂಶವನ್ನು ಮಾತ್ರ ತೆಗೆದುಕೊಂಡು, ಅವರ ತಾಳ್ಮೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ದೊಡ್ಡಮ್ಮನ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಲ್ಯಾನ್ಸ್‌ಡೌನ್ ಕಟ್ಟಡವಿದೆ. ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೆ ಪುಸ್ತಕಕ್ಕೆ ಅಲ್ಲಿಗೆ ಹೋಗದ ವಿದ್ಯಾರ್ಥಿ ನಮ್ಮ ಕಾಲದ ಮೈಸೂರಿನಲ್ಲಿ ಇರಲಿಲ್ಲ. ಅಲ್ಲಿಯ ಕಾರಣ ಬೇರೆ, ಪ್ರಶ್ನೆ ಬೇರೆ. ನಮ್ಮ ಗೋಡೆಗೆ ಹೋಲಿಸಲು ನಾನು ಅದನ್ನು ಎತ್ತುತ್ತಿಲ್ಲ. ಆದರೆ ಆ ರಾತ್ರಿ ಮೂರನೆಯವರ ಸಲಹೆಯನ್ನು ತಿರುಗಿಸಿ ನೋಡುತ್ತಿದ್ದಾಗ ಅಲುಗಾಡಿಸದಿದ್ದರೆ ಏನೂ ಆಗುವುದಿಲ್ಲ ಎಂಬ ಮಾತಿನ ಎದುರಿಗೆ ಆ ನಾಲ್ವರು ಬಂದು ನಿಂತರು. ಅವರು ಯಾರೂ ಏನನ್ನೂ ಅಲುಗಾಡಿಸಿರಲಿಲ್ಲ.

ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಭಾಗಾಕಾರವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಡಿಗೆಯವರ ಮಗು ತಾರಸಿ ಮೇಲೆ ಆಡ್ಕೊಳ್ಳತ್ತೆ ಕಣೋ" ಎಂದರು. ಅಷ್ಟಕ್ಕೆ ತೀರ್ಮಾನವಾಯಿತು. ಪಡುವಣ ಗೋಡೆ ಪೂರ್ತಿ, ಉಳಿದ ಗೋಡೆಗಳಲ್ಲಿ ಕಿಟಕಿ ಮಟ್ಟದಿಂದ ಮೇಲಿನದು ಇಳಿಸಿದೆವು. ಸೆಂಟ್ರಿಂಗ್ ವಾಪಸು ಹೋಯಿತು. ಹಣದ ಮಾತು ಕಷ್ಟದ್ದಾಗಿತ್ತು. ಮೊದಲು ನನ್ನ ಮನಸ್ಸಿನಲ್ಲಿದ್ದದ್ದು ಮೇಸ್ತ್ರಿಯ ಬಾಕಿಯನ್ನು ಹಿಡಿದುಕೊಳ್ಳುವುದು, ಊರ ರೂಢಿಯೂ ಅದೇ. ಸಾಮಾನೆಲ್ಲ ನನ್ನ ಖರ್ಚು, ಆಳುಗಳ ಕೂಲಿ ಪೂರ್ತಿ ನನ್ನದು, ಮೇಸ್ತ್ರಿಯ ಸ್ವಂತ ಕೂಲಿ ಎರಡನೆಯ ಸಲಕ್ಕೆ ಅರ್ಧ ಎಂದು ಕೊನೆಗೆ ಒಪ್ಪಿದೆವು. ಇದು ನ್ಯಾಯವಾಯಿತೇ? ಅವರ ಅರ್ಧ ಕೂಲಿಯ ಭಾರ ನನ್ನ ಇಡೀ ಖರ್ಚಿಗಿಂತ ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಅರ್ಧವನ್ನೂ ಬಿಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ನಂದೂ ಪಾಲಿದೆ ಸಾರ್, ಬಿಟ್ರೆ ನಂಗೆ ನಾಳೆ ಯಾರ್ ಕೆಲ್ಸ ಕೊಡ್ತಾರೆ" ಎಂದರು. ಆ ಮಾತಿನಲ್ಲಿದ್ದ ಮರ್ಯಾದೆಯನ್ನು ದಾನ ಕೊಟ್ಟು ಕೆಡಿಸಬಾರದು ಎನ್ನಿಸಿ ಸುಮ್ಮನಾದೆ.

ಎರಡನೆಯ ಸಲ ನಾನು ಊರು ಬಿಡಲಿಲ್ಲ. ಗಾರೆ ಒಳಗೆ ಬೀಳದಂತೆ ಪೊಳ್ಳಿನ ಅಗಲಕ್ಕೆ ಸರಿಯಾದ ಮರದ ಪಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟೆವು. ಒಂದು ವರಸೆ ಮುಗಿದರೆ ಪಟ್ಟಿಯನ್ನು ಮೇಲಕ್ಕೆ ಎಳೆದು ಅದರ ಮೇಲೆ ಬಿದ್ದ ಗಾರೆಯನ್ನು ಕೆರೆದು ತೆಗೆಯುವುದು. ಒಡಕು ಇಟ್ಟಿಗೆಗಳನ್ನೆಲ್ಲ ಕೆಳಗಿನ ಅಂಗಳಕ್ಕೆ ಸಾಗಿಸಿ ತುಂಬಲು ಬಳಸಿದೆವು, ಸಾರುವೆಯ ಮೇಲೆ ಒಂದೂ ಇಡಲಿಲ್ಲ. ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ತಾರಸಿಯ ಮೇಲೆ ನೆರಳಿನಲ್ಲಿ ಕೂತರು. ಗೋಡೆ ಅವರ ಎದೆಮಟ್ಟ ಇರುವವರೆಗೂ ಪ್ರತಿ ವರಸೆಗೂ ಎದ್ದು ಬಂದು, ಮುಂದಿನದು ಮುಚ್ಚುವ ಮೊದಲು, ಪೊಳ್ಳಿನೊಳಗೆ ಕೈ ಇಳಿಸಿ ಅಡ್ಡ ಇಟ್ಟಿಗೆಗಳನ್ನು ಈ ತುದಿಯಿಂದ ಆ ತುದಿಗೆ ಸವರಿ ನೋಡುತ್ತಿದ್ದರು. ಮೇಸ್ತ್ರಿ ಅಷ್ಟು ಹೊತ್ತು ಕರಣೆ ಹಿಡಿದು ಕಾಯುತ್ತಿದ್ದರು. ಮೊದಲ ದಿನ ಅವರಿಗೆ ಇರುಸುಮುರುಸಾಯಿತು ಎಂದು ಮುಖ ಹೇಳುತ್ತಿತ್ತು. ಮೂರನೆಯ ದಿನ ಅವರೇ "ಅಮ್ಮಾ, ವರಸೆ ಆಯ್ತು" ಎಂದು ಕರೆಯತೊಡಗಿದರು.

ಬೇಸಿಗೆಯಲ್ಲಿ ರೂಮು ನಾನು ಮಾತು ಕೊಟ್ಟಷ್ಟು ತಂಪಾಗಿಲ್ಲ. ಪಕ್ಕದ ಮನೆಯ ಮೇಲಿನ ರೂಮಿಗಿಂತ ಸಂಜೆ ಹೊತ್ತಿನಲ್ಲಿ ಕೊಂಚ ಹಿತ ಅನ್ನಿಸುತ್ತದೆ, ಅಷ್ಟೆ. ಪಡುವಣ ಗೋಡೆಗೆ ನೆರಳಾಗಲೆಂದು ದೊಡ್ಡಮ್ಮ ಕುಂಡದಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಾರೆ. ಬಿಸಿಲನ್ನು ಹೊರಗೇ ತಡೆಯುವ ವಿಷಯದಲ್ಲಿ ಅದು ನನ್ನ ಪೊಳ್ಳಿಗಿಂತ ಹೆಚ್ಚು ಕೆಲಸ ಮಾಡುತ್ತಿದೆ ಎಂದೇ ನನ್ನ ಅಂದಾಜು, ಅದನ್ನು ಅವರಿಗೂ ಹೇಳಿದ್ದೇನೆ.

ಮೊನ್ನೆ ಮೇಸ್ತ್ರಿ ಫೋನ್ ಮಾಡಿದ್ದರು. ಇನ್ನೊಬ್ಬರು ನಮ್ಮ ಗೋಡೆ ನೋಡಿ ಹಾಗೇ ಕಟ್ಟಿಕೊಡಿ ಎಂದಿದ್ದಾರಂತೆ. ತಂಗಿಯ ಮಗನನ್ನು ಕೆಲಸಕ್ಕೆ ಹಾಕಿಕೊಂಡಿದ್ದಾರೆ, ಹುಡುಗ ಎಸ್ಸೆಸ್ಸೆಲ್ಸಿ ಓದಿದ್ದಾನೆ, ಅವನಿಗೆ ತಿಳಿಯುವ ಹಾಗೆ ಒಂದು ಚಿತ್ರ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತೀರಾ ಎಂದು ಕೇಳಿದರು. ಹಳೆಯದನ್ನೇ ಮತ್ತೆ ಬರೆದು ಕಳಿಸುತ್ತೇನೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

"ಮುಖದ್ದು ಬ್ಯಾಡಿ ಸಾರ್. ಹೊಟ್ಟೇದು ಬರೀರಿ. ಮೇಲಿಂದ ಬಗ್ಗಿ ನೋಡ್ದ್ರೆ ಎಂಗ್ ಕಾಣ್ತದೋ ಅಂಗೆ."